ರೆಕ್ಕೆಯ ಮೇಲೆ ಅಂಕಿ

ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ರಿತ್ಸು
ಸೂಜಿಚಿಟ್ಟೆಯ ರೆಕ್ಕೆಗೆ ಅಂಕಿ ಬರೆಯುತ್ತಾನೆ.
ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ತುಸು ಹೊರಹಾಕಿ,
ಅಕ್ಷರ ತಿದ್ದುವ ಮಗುವಿನ ಹಾಗೆ.
ನಾನು ಮೊಣಕಾಲುದ್ದ ನೀರಲ್ಲಿ ನಿಂತು
ವಸಾಬಿಯ ಬುಡಕ್ಕಂಟಿದ ಪಾಚಿ ತಿಕ್ಕುತ್ತ
ಓರೆಗಣ್ಣಲ್ಲಿ ನೋಡುತ್ತೇನೆ.
ಇಜು ಬೆಟ್ಟದ ಈ ಹೊಳೆಯಲ್ಲಿ
ಎಪ್ಪತ್ತೊಂದು ಮೇ ತಿಂಗಳು ಕಂಡವಳು ನಾನು.
ಇವನ್ನು ಎಣಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

‘ಮೂವತ್ತೇಳು’ ಎಂದು ಬಿಟ್ಟ.
ಮೂವತ್ತೇಳರದು ಕಿತ್ತಳೆ ರೆಕ್ಕೆ.
ಜಂತಿಗೆ ಒಣಹಾಕಿದ ಪರ್ಸಿಮನ್ ಸೀಳನ್ನು
ಸಂಜೆಬಿಸಿಲಿಗೆ ಹಿಡಿದರೆ ಕಾಣುವಂಥ ಕಿತ್ತಳೆ.
ಹಾರಿ ಹೋಗಿ ಕೂತದ್ದೆಲ್ಲಿ?
ಹೋದ ವರ್ಷದ ಬಿರುಗಾಳಿಗೆ ಉರುಳಿ
ಅರ್ಧ ನೀರೊಳಗೆ ಕೊಳೆಯುತ್ತಿರುವ ನನ್ನ ಸೀಡರ್ ಮರದ ಮೇಲೆ.
ಹೆಣ್ಣುಗಳು ಮೊಟ್ಟೆ ಚುಚ್ಚುವುದು ಆ ಮೆತ್ತನೆ ಕೊಳೆಗೇ.
‘ತೆಗೆಸಬೇಡಿ ಶಿಗೆನೊ-ಸಾನ್, ಅದು ಅವನ ಆಸ್ತಿ.’
ಕಂದಾಯ ಕಟ್ಟುವವಳು ನಾನು.
ಆದರೂ ಗರಗಸ ತರಲು ಹೇಳಿದ್ದ ಅಳಿಯನಿಗೆ
ಬೇಡವೆಂದು ಫೋನು ಮಾಡಿದೆ.

ಐವತ್ತೆರಡಕ್ಕೆ ಬಣ್ಣವೇ ಇಲ್ಲ.
ಹೆಣ್ಣಿನದೇ ರೆಕ್ಕೆ, ತೊಳೆದಿಟ್ಟ ಗಾಜು.
ಹಾರಿದರೆ ಅಂಕಿಯೊಂದೇ
ಹೊಳೆಯ ಮೇಲೆ ತೇಲಿಹೋಗುತ್ತದೆ.

ಮಧ್ಯಾಹ್ನ ಇನ್ನೊಂದು ಕಿತ್ತಳೆ ಬಂತು, ನಲವತ್ತು.
ಒಂದನ್ನೊಂದು ಸುತ್ತಿ ಸುತ್ತಿ ಮೇಲೇರಿದವು,
ಕಚ್ಚಾಟವಿಲ್ಲ, ಗಾಯವಿಲ್ಲ,
ಯಾರ ಮೈಯ ಕೊಬ್ಬು ಮೊದಲು ಕರಗಿತೋ ಅವನು ಸೋತ.
ಅಷ್ಟರಲ್ಲಿ ಕೆಳಗೆ, ಜರಿಗಿಡದ ನೆರಳಲ್ಲಿ,
ಐವತ್ತೆರಡು ತನ್ನ ಕೆಲಸ ಮುಗಿಸಿತ್ತು.
ನಾನು ನಕ್ಕೆ. ರಿತ್ಸು ಗಡಿಯಾರ ನೋಡಿ ಬರೆದುಕೊಂಡ.

ಅನ್ನದ ಉಂಡೆ ಬಿಚ್ಚುತ್ತ ಅವನು ಲೆಕ್ಕ ಒಪ್ಪಿಸಿದ.
ಬಣ್ಣದವನು ಕಾದಾಡಿ ಬೇಗ ಸವೆಯುತ್ತಾನೆ,
ಬಣ್ಣವಿಲ್ಲದವನು ಹೊಂಚುಹಾಕಿ ಹೆಚ್ಚು ದಿನ ಬಾಳುತ್ತಾನೆ,
ಕಡೆಗೆ ಮಕ್ಕಳ ಲೆಕ್ಕದಲ್ಲಿ ಹತ್ತಿರ ಹತ್ತಿರ ಸಮ.
ಅದಕ್ಕೇ ಇಷ್ಟು ಕಾಲವಾದರೂ
ಹೊಳೆ ಇಬ್ಬರನ್ನೂ ಇಟ್ಟುಕೊಂಡಿದೆ.

‘ಅವಳಿಗೆ ಆ ರೆಕ್ಕೆಯಲ್ಲಿ ಏನು ಕಾಣುತ್ತದೆ?’ ಕೇಳಿದೆ.
ಅವನು ಅಗಿಯುವುದು ನಿಲ್ಲಿಸಿದ.
‘ನಮ್ಮ ಕಣ್ಣಿಗೆ ಸಿಗದ ಬೆಳಕೂ ಅವಕ್ಕೆ ಸಿಗುತ್ತದೆ.
ಅವಳ ಕಿತ್ತಳೆ ಯಾವುದೋ, ನಮಗೆ ಗೊತ್ತಿಲ್ಲ.’

ನನಗೆ ಸ್ವಲ್ಪ ಗೊತ್ತು.
ಮಿಶಿಮಾ ಆಸ್ಪತ್ರೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ
ಒಂದು ತಿಂಗಳು ನನಗೆ ಎರಡೆರಡು ಹೊಳೆ.
ಬಲಗಣ್ಣಿಗೆ ಚಹಾ ಬಣ್ಣದ್ದು, ಎಡಗಣ್ಣಿಗೆ ಈಗಷ್ಟೇ ಹುಟ್ಟಿದ್ದು.
ಯಾವುದು ನಿಜವೆಂದು ಡಾಕ್ಟರಿಗೂ ಹೇಳಲಾಗಲಿಲ್ಲ.
ಅಂದಿನಿಂದ ಒಂದು ಅನುಮಾನ.
ರೆಕ್ಕೆಗೆ ಬಣ್ಣ ಹಚ್ಚಿದ್ದು ಬಿಸಿಲಲ್ಲ, ದೇವರೂ ಅಲ್ಲ.
ಈ ಹೆಣ್ಣುಗಳ ಅಜ್ಜಿಯ ಅಜ್ಜಿಯ ಅಜ್ಜಿಯರು
ಒಂದೊಂದು ಮೇ ತಿಂಗಳು ಒಂದೊಂದು ನೋಟದಷ್ಟು,
ಬೇಕು ಎಂದು ಅರೆಗಳಿಗೆ ಹೆಚ್ಚು ನಿಂತು,
ಬೇಡ ಎಂದು ಸರಕ್ಕನೆ ತಿರುಗಿ,
ಹಚ್ಚುತ್ತ ಬಂದದ್ದು.
ಕೈಯೇ ಇಲ್ಲದವರ ಕೈಕೆಲಸ.

‘ನಿಮ್ಮವರು ಯಾವ ಜಾತಿ, ಶಿಗೆನೊ-ಸಾನ್? ಕಿತ್ತಳೆಯೋ ಗಾಜೋ?’
ಹುಡುಗನಿಗೆ ಸಲಿಗೆ ಬಂದಿತ್ತು.
‘ಎರಡೂ ಅಲ್ಲ. ಉಬ್ಬಸದವನು.
ಮಂಡಿಯಿಂದ ವಸಾಬಿ ತೂಗಲು ಬರುತ್ತಿದ್ದ,
ನಮ್ಮ ಮನೆಯದಾದರೆ ಮುಳ್ಳು
ಒಂದು ಬೆರಳು ಹೆಚ್ಚೇ ವಾಲುತ್ತಿತ್ತು.’
ಅದನ್ನೂ ಬರೆದುಕೊಳ್ಳಲು ಹೋದ. ಪೆನ್ಸಿಲು ಕಿತ್ತುಕೊಂಡೆ.

ಹದಿನಾರನೆಯ ದಿನ ಕಾಲುವೆಯ ಜಾಲರಿಯಲ್ಲಿ
ಎಲೆ ಕಸದ ನಡುವೆ ಒಂದೇ ರೆಕ್ಕೆ ಸಿಕ್ಕಿತು.
ಮೈಯನ್ನು ಮೀನೋ ಹಕ್ಕಿಯೋ ಕೊಂಡೊಯ್ದಿತ್ತು.
ಕಿತ್ತಳೆ ಒಂದಿಷ್ಟೂ ಮಾಸಿರಲಿಲ್ಲ,
ಮೂವತ್ತೇಳೂ ಅಳಿಸಿರಲಿಲ್ಲ.
ಒದ್ದೆ ಅಂಗೈಯಲ್ಲಿ ಮೊದಲು ಎಡಗಣ್ಣಿಂದ ನೋಡಿದೆ,
ಆಮೇಲೆ ಬಲಗಣ್ಣಿಂದ.

‘ಮೂವತ್ತೇಳನ್ನು ಕಂಡಿರಾ?’ ಸಂಜೆ ರಿತ್ಸು ಕೇಳಿದ.
ಇಲ್ಲ ಎಂದೆ.
ಕಾಣೆ, ಎಂದು ಬರೆದುಕೊಂಡ.
ಮರದ ಮೇಲೆ ಆಗಲೇ ನಲವತ್ತು ಕೂತಿತ್ತು.
ನನ್ನ ಏಪ್ರನ್ನಿನ ಜೇಬಿನಲ್ಲಿ,
ಗೊಬ್ಬರದಂಗಡಿಯ ರಸೀದಿಯ ಮಡಿಕೆಯೊಳಗೆ,
ನೀರು ಆರುತ್ತಿತ್ತು.